ದಶಪಥದಲ್ಲಿ ಹಳೇ ಕಾರು: ಎಂಜಿನ್ ಅರಚದ ಹಾಗೆ 80ರಲ್ಲಿ ಓಡಿಸುವುದು ಹೇಗೆ?

ಮಾರಿಸ್ ಮೈನರ್, ಲ್ಯಾಂಡ್‌ಮಾಸ್ಟರ್, ಹಳೇ ಅಂಬಾಸಿಡರ್, ಫಿಯೆಟ್ 1100 ಇಟ್ಟುಕೊಂಡಿರುವ ಮೈಸೂರು, ಮಂಡ್ಯ ಕಡೆಯವರ ದೂರು ಹೆಚ್ಚುಕಮ್ಮಿ ಒಂದೇ. ಊರೊಳಗೆ ಗಾಡಿ ಸಲೀಸಾಗಿ ಓಡುತ್ತದೆ, ನಂಜನಗೂಡಿಗೆ ಹೋಗಿಬಂದರೂ ತೊಂದರೆಯಿಲ್ಲ. ಬೆಂಗಳೂರಿನ ದಶಪಥಕ್ಕೆ ಹತ್ತಿಸಿದರೆ ಮಾತ್ರ ಎಂಜಿನ್ ಕಿರುಚತೊಡಗುತ್ತದೆ, ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಮದ್ದೂರು ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಗಿರುತ್ತದೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಕಾರಿಗೆ 100 ಕಿ.ಮೀ. ಮಿತಿ. ಅದೇ ವರ್ಷ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಸರ್ವಿಸ್ ರಸ್ತೆಗೆ ಕಳಿಸಿದ್ದಾರೆ. ಹಾಗಾಗಿ ಮುಖ್ಯ ರಸ್ತೆಯಲ್ಲಿ ಉಳಿದವರೆಲ್ಲ ವೇಗದವರೇ. ಅಲ್ಲಿ 60ರಲ್ಲಿ ಹೋಗುವುದು ನಿಮಗೂ ಅಪಾಯ, ಹಿಂದಿನವರಿಗೂ ಅಪಾಯ. 75ರಿಂದ 80ರಲ್ಲಿ ಎಡಗಡೆ ಲೇನ್ ಹಿಡಿದು ನೆಮ್ಮದಿಯಾಗಿ ಹೋಗುವಂತಿದ್ದರೆ ಸಾಕು. ನಮ್ಮ ಗುರಿ ಅಷ್ಟೇ. 100ಕ್ಕೆ ಮುಟ್ಟಿಸಬೇಕು ಅನ್ನುವವರು ಹೊಸ ಕಾರು ಕೊಳ್ಳುವುದು ಒಳ್ಳೆಯದು.

ಈ ಗಾಡಿಗಳಲ್ಲಿ ಟಾಪ್ ಗೇರ್ ಅಂದರೆ ನೇರ ಓಟ. ಎಂಜಿನ್ ಒಂದು ಸುತ್ತು ತಿರುಗಿದರೆ, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟೂ ಒಂದೇ ಸುತ್ತು. ಅಲ್ಲಿಂದ ಚಕ್ರಕ್ಕೆ ಎಷ್ಟು ಇಳಿಸಬೇಕು ಅನ್ನುವುದನ್ನು ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಎಂಬ ಹಲ್ಲುಗಾಲಿ ಜೋಡಿ ತೀರ್ಮಾನಿಸುತ್ತದೆ. 35–50 ಕುದುರೆ ಶಕ್ತಿಯ ಎಂಜಿನ್, ಐದಾರು ಜನ, ಮೇಲೊಂದಿಷ್ಟು ಲಗೇಜು, ಜೊತೆಗೆ ಏರು ರಸ್ತೆ. ಇದನ್ನೆಲ್ಲ ಎಳೆಯಲೆಂದು ಕಂಪನಿಯವರು ಆಕ್ಸಲ್ ಅನುಪಾತವನ್ನು ಗಿಡ್ಡ ಮಾಡಿಟ್ಟಿದ್ದರು, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಹೆಚ್ಚು ಸುತ್ತು ತಿರುಗುವ ಹಾಗೆ. ಆ ಕಾಲದ ರಸ್ತೆಗೆ ಅದು ಸರಿಯಾಗಿಯೇ ಇತ್ತು. ಈಗ ಅದನ್ನು ಸ್ವಲ್ಪ ಉದ್ದ ಮಾಡಬೇಕು. ಎಷ್ಟು ಅನ್ನುವುದೇ ಮುಖ್ಯ, ಯಾಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ.

ಮೊದಲು ಅಳತೆ, ಆಮೇಲೆ ಸ್ಪ್ಯಾನರ್

ಪುಸ್ತಕದಲ್ಲಿ ಏನೇ ಬರೆದಿರಲಿ, ನಿಮ್ಮ ಗಾಡಿಯ ಆಕ್ಸಲ್ ಅನುಪಾತವನ್ನು ನೀವೇ ಎಣಿಸಿಕೊಳ್ಳಿ. ಅರವತ್ತು ಎಪ್ಪತ್ತು ವರ್ಷದಲ್ಲಿ ಯಾವ ಮೇಸ್ತ್ರಿ ಯಾವ ಗುಜರಿಯಿಂದ ಯಾವ ಹೌಸಿಂಗ್ ತಂದು ಕೂರಿಸಿದ್ದಾನೋ ಹೇಳಲಾಗದು.

ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿಯಿಂದ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಗಾಡಿ ಅಡಿಗೆ ಹೋಗಬೇಡಿ. ಗೇರ್ ನ್ಯೂಟ್ರಲ್‌ಗೆ ಬರಲಿ, ಹ್ಯಾಂಡ್‌ಬ್ರೇಕ್ ಬಿಡಿ. ಟೈರಿಗೊಂದು, ಪ್ರೊಪೆಲ್ಲರ್ ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಈಗ ಒಬ್ಬರು ಚಕ್ರವನ್ನು ನಿಧಾನವಾಗಿ 20 ಸುತ್ತು ತಿರುಗಿಸಲಿ, ಇನ್ನೊಬ್ಬರು ಪಕ್ಕದಿಂದ ಬಗ್ಗಿ ಶಾಫ್ಟಿನ ಗೆರೆ ಎಷ್ಟು ಸಲ ಬಂತು ಎಂದು ಎಣಿಸಲಿ. ಇನ್ನೊಂದು ಚಕ್ರ ನೆಲದಲ್ಲೇ ಇರುವುದರಿಂದ ಎರಡು ಚಕ್ರಗಳಿಗೆ ಓಟ ಹಂಚುವ ಡಿಫ್ರೆನ್ಷಿಯಲ್‌ನ ಲೆಕ್ಕದಲ್ಲಿ ಈ 20 ಸುತ್ತು 10ಕ್ಕೆ ಸಮ. ಶಾಫ್ಟ್ ನಲವತ್ತೈದೂವರೆ ಸುತ್ತು ಹೊಡೆದಿದ್ದರೆ ಅನುಪಾತ 4.55. ಕೊನೆಯ ಅರ್ಧ ಸುತ್ತನ್ನು ಅಂದಾಜಿನಲ್ಲಿ ಬಿಡದೆ ನೋಡಿ ಬರೆದುಕೊಳ್ಳಿ. 4.22ಕ್ಕೂ 4.55ಕ್ಕೂ ಈ ಲೆಕ್ಕದಲ್ಲಿ ಮೂರು ಸುತ್ತಿನಷ್ಟೇ ವ್ಯತ್ಯಾಸ.

ಮುಂದಿನದು ಟೈರಿನ ಸುತ್ತಳತೆ. ಗಾಳಿ ಸರಿಯಾಗಿ ಹಿಡಿಸಿ, ಚಾಲಕ ಒಳಗೆ ಕೂತಿರುವಾಗ, ಟೈರಿನ ಗೆರೆ ನೆಲ ಮುಟ್ಟಿದ ಜಾಗಕ್ಕೆ ಗುರುತು ಹಾಕಿ. ಐದು ಸುತ್ತು ಆಗುವ ತನಕ ಗಾಡಿಯನ್ನು ತಳ್ಳಿ, ಟೇಪ್ ಹಿಡಿದು ಅಳೆದು, ಐದರಿಂದ ಭಾಗಿಸಿ.

ಇವೆರಡು ಸಿಕ್ಕರೆ ಲೆಕ್ಕ ಸುಲಭ. ವೇಗವನ್ನು 16.67ರಿಂದ ಗುಣಿಸಿ, ಆಕ್ಸಲ್ ಅನುಪಾತದಿಂದ ಗುಣಿಸಿ, ಮೀಟರಿನಲ್ಲಿರುವ ಸುತ್ತಳತೆಯಿಂದ ಭಾಗಿಸಿದರೆ ಟಾಪ್ ಗೇರಿನ ಆರ್‌ಪಿಎಂ. ಸುತ್ತಳತೆ 2 ಮೀಟರ್, ಆಕ್ಸಲ್ 4.55 ಅಂದುಕೊಳ್ಳಿ. 80ರಲ್ಲಿ ಎಂಜಿನ್ ಸುಮಾರು 3030 ಸುತ್ತುತ್ತದೆ, 100ರಲ್ಲಿ ಸುಮಾರು 3790. ನಡುವೆ 0.8ರ ಓವರ್‌ಡ್ರೈವ್ (ಎಂಜಿನ್ 0.8 ಸುತ್ತು ತಿರುಗಿದರೆ ಶಾಫ್ಟನ್ನು ಪೂರ್ತಿ ಒಂದು ಸುತ್ತು ತಿರುಗಿಸುವ ಹೆಚ್ಚುವರಿ ಗೇರ್) ಬಂದರೆ 100ರಲ್ಲೇ 3030 ಸಿಗುತ್ತದೆ, 80ಕ್ಕೆ 2430 ಸಾಕು.

ಆರ್‌ಪಿಎಂ ಒಂದನ್ನೇ ನೋಡಬೇಡಿ, ಪಿಸ್ಟನ್ ಎಷ್ಟು ದೂರ ಓಡುತ್ತಿದೆ ಅನ್ನುವುದನ್ನೂ ನೋಡಿ. ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನ ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ಕಡೆಗೆ ಓಡುವ ದೂರ, 88.9 ಮಿ.ಮೀ. 3030 ಆರ್‌ಪಿಎಂನಲ್ಲಿ ಅದರ ಪಿಸ್ಟನ್ ಸರಾಸರಿ ಸೆಕೆಂಡಿಗೆ 9 ಮೀಟರ್ ಓಡುತ್ತದೆ. 3790ರಲ್ಲಿ 11 ಮೀಟರ್ ದಾಟುತ್ತದೆ. ಹೊಸ ಎಂಜಿನ್‌ಗೆ ಇದು ಲೆಕ್ಕಕ್ಕೇ ಇಲ್ಲ. ಹಳೆಯದರಲ್ಲಿ, ಅದರಲ್ಲೂ ಬಿಳಿ ಲೋಹ ಎರಕ ಹೊಯ್ದ ಬೇರಿಂಗ್ ಇರುವ ಯುದ್ಧಪೂರ್ವದ ಗಾಡಿಗಳಲ್ಲಿ, ಗಂಟೆಗಟ್ಟಲೆ ಓಡುವಾಗ 10 ಮೀಟರಿನ ಒಳಗೇ ಇರಲಿ ಎಂಬುದು ನಾನು ಇಟ್ಟುಕೊಂಡಿರುವ ಗೆರೆ.

ಎಂಜಿನ್‌ಗೆ ಎಳೆಯುವ ಶಕ್ತಿ ಉಳಿದಿದೆಯೇ?

ಗೇರ್ ಉದ್ದ ಮಾಡಿದರೆ ಶಕ್ತಿ ಹೆಚ್ಚುವುದಿಲ್ಲ. ಅದೇ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ ಕೇಳುತ್ತೀರಿ, ಅಷ್ಟೆ. ಆ ಸುತ್ತಿನಲ್ಲಿ ಎಂಜಿನ್ ಬಳಿ ಅಷ್ಟು ಶಕ್ತಿ ಇಲ್ಲದಿದ್ದರೆ ಗಾಡಿ ಮೊದಲಿಗಿಂತ ನಿಧಾನವಾಗುತ್ತದೆ. ಅದರ ಮೇಲೆ ನಮ್ಮ ಊರಿನ ಲೆಕ್ಕವೂ ಇದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಮ್ಮಿ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮೈಸೂರು ಸುಮಾರು 2500 ಅಡಿ ಎತ್ತರದಲ್ಲಿದೆ, ಬೆಂಗಳೂರು 3000 ಅಡಿ. 948 ಸಿಸಿ ಮಾರಿಸ್ ಮೈನರ್‌ನ 37 ಕುದುರೆಗಳಲ್ಲಿ ಎರಡು ಮೂರು ಕುದುರೆ ಇಲ್ಲೇ ಹೋಯಿತು. ಇಂಗ್ಲೆಂಡಿನವರು ತಮ್ಮ ಸಮುದ್ರಮಟ್ಟದ ರಸ್ತೆಯಲ್ಲಿ ಓಡಿಸಿ 'ಈ ಅನುಪಾತ ಅದ್ಭುತ' ಎಂದು ಬರೆದಿದ್ದನ್ನು ಇಲ್ಲಿಗೆ ಹಾಗೇ ತರಬೇಡಿ.

ಗಾಳಿಯ ವಿಷಯವೂ ಇದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಹತ್ತಿರ ಹತ್ತಿರ ಎರಡರಷ್ಟು. ಆಷಾಢದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ವಾಪಸು ಬರುವಾಗ ಮಂಡ್ಯದ ಬಯಲಿನಲ್ಲಿ ಎದುರುಗಾಳಿ ಹೊಡೆಯುತ್ತದಲ್ಲ, ಆ ದಿನ ನಿಮ್ಮ ಗಾಡಿಗೆ 80 ಅಂದರೆ ನಿಜವಾಗಿ 100ರ ಕೆಲಸ.

ಇದನ್ನು ಪರೀಕ್ಷಿಸಲು ಒಂದು ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಸೆಳೆತ ತೋರಿಸುವ ಮೀಟರ್) ಸಾಕು. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಪೈಪ್ ಕೊಟ್ಟು ಒಳಗೆ ಕಾಣುವಂತೆ ಕಟ್ಟಿಕೊಳ್ಳಿ. ನಂಜನಗೂಡು ರಸ್ತೆಯ ಸಮತಟ್ಟಿನಲ್ಲಿ ಟಾಪ್ ಗೇರಿನಲ್ಲಿ 75ಕ್ಕೆ ಹಿಡಿದು ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ವೇಗಕ್ಕೆ ಸ್ಪೀಡೋಮೀಟರ್ ಬೇಡ, ಫೋನಿನ ಜಿಪಿಎಸ್ ನಂಬಿ. ಮುಳ್ಳು ಹತ್ತು ಇಂಚಿನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ಸ್ಥಿರವಾಗಿದ್ದರೆ ಎಂಜಿನ್ ಕೈಯಲ್ಲಿ ಇನ್ನೂ ಶಕ್ತಿ ಇದೆ. ಸೊನ್ನೆಯ ಹತ್ತಿರ ಇಳಿದಿದ್ದರೆ ಆಕ್ಸಲರೇಟರ್ ಆಗಲೇ ಪೂರ್ತಿ ತೆರೆದಿದೆ. ಆ ಗಾಡಿಗೆ ಯಾವ ಓವರ್‌ಡ್ರೈವ್ ಹಾಕಿದರೂ ಉಪಯೋಗವಿಲ್ಲ. ಮೊದಲು ಕಂಪ್ರೆಷನ್, ಟೈಮಿಂಗ್, ಕಾರ್ಬ್ಯುರೇಟರ್ ನೋಡಿಸಿ. ಬ್ರೇಕ್ ಹಿಡಿದುಕೊಂಡೇ ಇದೆಯಾ ಅನ್ನುವುದನ್ನೂ ನೋಡಿಸಿ. ಹಬ್ ಮುಟ್ಟಿದರೆ ಸುಡುತ್ತಿದ್ದರೆ ನಿಮ್ಮ ಶಕ್ತಿ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಯಿತಲ್ಲ!

ಟೈರ್ ಬದಲಿಸಿ ಗೆಲ್ಲೋಣ ಅನ್ನುವವರಿಗೆ

ಎತ್ತರದ ಟೈರ್ ಹಾಕಿದರೆ ಶೇ 3–4ರಷ್ಟು ಸಿಗಬಹುದು. ಅದಕ್ಕಾಗಿ ಸ್ಟಿಯರಿಂಗ್ ಭಾರ ಮಾಡಿಕೊಂಡು, ಮಡ್‌ಗಾರ್ಡ್‌ಗೆ ತಾಗಿಸಿಕೊಂಡು ಒದ್ದಾಡುವುದು ಬೇಡ. ಆದರೆ ಟೈರಿನ ವಯಸ್ಸು ಮಾತ್ರ ತಪ್ಪದೇ ನೋಡಿ. ಪಕ್ಕದಲ್ಲಿರುವ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಶೆಡ್ಡಿನಲ್ಲಿ ನಿಂತೇ ಹತ್ತು ವರ್ಷ ಕಳೆದ ಟೈರಿನಲ್ಲಿ ದಶಪಥಕ್ಕೆ ಹೋಗುವುದು ಬೇಡವೇ ಬೇಡ.

ಕ್ರೌನ್-ಪಿನಿಯನ್ ಬದಲಾವಣೆ

ಹೊರಗೆ ಏನೂ ಕಾಣುವುದಿಲ್ಲ, ಬೇಕೆಂದರೆ ವಾಪಸು ಹಾಕಬಹುದು, ವೈರಿಂಗ್ ಗೋಜಿಲ್ಲ. ಆದ್ದರಿಂದ ಹೆಚ್ಚಿನವರಿಗೆ ಇದೇ ಮೊದಲ ಆಯ್ಕೆ. ಮಾರಿಸ್ ಮೈನರ್‌ನವರಿಗಂತೂ ಕಂಪನಿಯೇ ದಾರಿ ತೋರಿಸಿದೆ. 803 ಸಿಸಿ ಎಂಜಿನ್ ಇದ್ದಾಗ ಆಕ್ಸಲ್ 5.286, ಅಂದರೆ 7 ಹಲ್ಲಿನ ಪಿನಿಯನ್‌ಗೆ 37 ಹಲ್ಲಿನ ಕ್ರೌನ್. 1956ರಲ್ಲಿ 948 ಸಿಸಿ ಬಂದಾಗ 9ಕ್ಕೆ 41, ಅಂದರೆ 4.55. 1962ರಲ್ಲಿ 1098 ಸಿಸಿ ಬಂದಾಗ 9ಕ್ಕೆ 38, ಅಂದರೆ 4.22. ಎಂಜಿನ್ ದೊಡ್ಡದಾದ ಹಾಗೆಲ್ಲ ಆಕ್ಸಲ್ ಉದ್ದ ಮಾಡಿದರು, ಎಂಜಿನ್ ಬಿಟ್ಟು ಆಕ್ಸಲ್ ಒಂದನ್ನೇ ಎಳೆಯಲಿಲ್ಲ. 948ಕ್ಕೆ 4.22 ಹಾಕಿದರೆ ಶೇ 7ರಷ್ಟು ಲಾಭ, ಎಂಜಿನ್ ಸಹಿಸುತ್ತದೆ. ಎಂಜಿ ಮಿಡ್ಜೆಟ್‌ನ 3.9 ಕೂಡ ಆ ಹೌಸಿಂಗ್‌ನಲ್ಲಿ ಕೂರುತ್ತದೆ. ಆದರೆ ಅದು 1098 ಅಥವಾ ಅದಕ್ಕಿಂತ ದೊಡ್ಡ ಎಂಜಿನ್‌ಗೆ ಒಪ್ಪುವ ಮಾತು.

ಬೇರೆ ಗಾಡಿಯವರಿಗೂ ನಾನು ಹೇಳುವುದು ಇಷ್ಟು: ಆಕ್ಸಲ್ ಬದಲಿಸುವುದಾದರೆ ಶೇ 10ರ ಆಚೆ ಹೋಗಬೇಡಿ. ಆಕ್ಸಲ್ ಉದ್ದವಾದರೆ ಟಾಪ್ ಮಾತ್ರವಲ್ಲ, ಫಸ್ಟೂ ಉದ್ದ, ರಿವರ್ಸೂ ಉದ್ದ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಮುಂದಿನ ಬಸ್ ನಿಂತು, ನೀವು ನಿಂತು, ಮತ್ತೆ ಹೊರಡಬೇಕಾದಾಗ ಕ್ಲಚ್ ವಾಸನೆ ಬರುತ್ತದೆ. ಮನೆ ಮುಂದಿನ ರ‍್ಯಾಂಪ್ ಕಡಿದಾಗಿದ್ದರೆ ದಿನಾ ಇದೇ ಪಾಡು.

ಕೆಲಸ ಮಾಡಿಸುವಾಗ ನಿಂತು ನೋಡಬೇಕಾದ ಸಂಗತಿಗಳಿವೆ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿದವು. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೆತ್ತಿರುತ್ತಾರೆ, ಗುಜರಿಯಲ್ಲಿ ಕೊಳ್ಳುವ ಮುಂಚೆ ಎಣ್ಣೆ ಒರೆಸಿ ಅದನ್ನು ಓದಿ. ಒಂದರ ಕ್ರೌನ್‌ಗೆ ಇನ್ನೊಂದರ ಪಿನಿಯನ್ 'ಅಡ್ಜಸ್ಟ್ ಮಾಡಿಕೊಡ್ತೀನಿ ಸಾರ್' ಅಂದವರ ಬಳಿ ಕೆಲಸ ಕೊಡಬೇಡಿ, ಅದು ಊಳಿಡುತ್ತಲೇ ಇರುತ್ತದೆ. ಕೂರಿಸುವಾಗ ಪಿನಿಯನ್ ಎಷ್ಟು ಆಳ ಕೂರಬೇಕು ಎಂದು ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಹೊಂದಿಸಬೇಕು, ಆಮೇಲೆ ಬೇರಿಂಗ್ ಬಿಗಿ, ಆಮೇಲೆ ಹಲ್ಲುಗಳ ನಡುವಿನ ಸಡಿಲ. ಈ ಸಡಿಲವನ್ನು ಕೈಯಲ್ಲಿ ಅಲ್ಲಾಡಿಸಿ ಹೇಳಲಾಗದು, ಡಯಲ್ ಗೇಜ್ ಬೇಕು. ಎಷ್ಟಿರಬೇಕು ಎಂದು ಆ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳುತ್ತದೆ, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದ ಮಾತು. ಕೊನೆಗೆ ಹಲ್ಲಿಗೆ ನೀಲಿ ಬಣ್ಣ ಸವರಿ ತಿರುಗಿಸಿದರೆ ಗುರುತು ಹಲ್ಲಿನ ನಡುಭಾಗದಲ್ಲಿ ಬೀಳಬೇಕು. ತುದಿಗೋ ಬುಡಕ್ಕೋ ಬಿದ್ದರೆ ಮತ್ತೆ ಬಿಚ್ಚಿಸಿ. ಈ ಕೆಲಸಕ್ಕೆ ಒಂದು ಸಂಜೆ ಸಾಲದು, ಮೇಸ್ತ್ರಿಯನ್ನು ಅವಸರಪಡಿಸಬೇಡಿ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಸ್ಪೀಡೋಮೀಟರ್ ಕೇಬಲ್ ಹೊರಡುವುದು ಗೇರ್‌ಬಾಕ್ಸ್‌ನಿಂದ. 4.55 ತೆಗೆದು 3.9 ಹಾಕಿದರೆ ನಿಜವಾದ 80ರಲ್ಲಿ ಮುಳ್ಳು 69ರ ಹತ್ತಿರ ನಿಂತಿರುತ್ತದೆ. ಮೀಟರ್ ರಿಪೇರಿಯವರಿಂದ ಅನುಪಾತ ಸರಿಪಡಿಸಿಕೊಳ್ಳುವ ತನಕ ಜಿಪಿಎಸ್ ನೋಡಿಕೊಂಡೇ ಓಡಿಸಿ.

ಓವರ್‌ಡ್ರೈವ್

ನನ್ನ ಮೆಚ್ಚು ಇದಕ್ಕೇ. ಬೇಕಾದಾಗ ಉದ್ದ, ಬೇಡವಾದಾಗ ಮೊದಲಿನ ಗಾಡಿ. ಬೆಳಿಗ್ಗೆ ದಶಪಥ, ಮಧ್ಯಾಹ್ನ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿ ಘಾಟಿ ಹತ್ತುವ ಗಾಡಿಗೆ ಬೇರೆ ಯಾವುದೂ ಸರಿಹೋಗದು.

ಬ್ರಿಟಿಷ್ ಕಾರುಗಳಲ್ಲಿ ಹೆಸರಾದದ್ದು ಲೇಕಾಕ್ ಡಿ ನಾರ್ಮನ್‌ವಿಲ್. ಗೇರ್‌ಬಾಕ್ಸ್‌ನ ಹಿಂದೆ ಕೂರುವ ಇದರೊಳಗೆ ನಡುವೆ ಒಂದು ಸೂರ್ಯ ಗೇರ್, ಅದರ ಸುತ್ತ ತಿರುಗುವ ಗ್ರಹ ಗೇರುಗಳು, ಎಲ್ಲಕ್ಕೂ ಹೊರಗೆ ಒಳಹಲ್ಲಿನ ಒಂದು ಬಳೆ. ಸಾಮಾನ್ಯ ಓಟದಲ್ಲಿ ಸ್ಪ್ರಿಂಗ್‌ಗಳು ಕೋನ್ ಕ್ಲಚ್ಚನ್ನು ಬಳೆಗೆ ಒತ್ತಿ ಹಿಡಿದಿರುತ್ತವೆ, ಎಲ್ಲವೂ ಒಟ್ಟಿಗೇ ಸುತ್ತುತ್ತವೆ. ಸ್ವಿಚ್ ಒತ್ತಿದಾಗ ಸೊಲೆನಾಯ್ಡ್ ವಾಲ್ವ್ ತೆರೆಯುತ್ತದೆ, ಎಣ್ಣೆಯ ಒತ್ತಡ ಕೋನನ್ನು ಆಚೆ ಎಳೆದು ಹೊರಕವಚದ ಬ್ರೇಕ್ ಉಂಗುರಕ್ಕೆ ಕಚ್ಚಿಸುತ್ತದೆ. ಸೂರ್ಯ ಗೇರ್ ನಿಂತುಬಿಡುತ್ತದೆ. ಗ್ರಹಗಳು ಅದರ ಮೇಲೆ ಉರುಳುತ್ತ ಬಳೆಯನ್ನು ಎಂಜಿನ್‌ಗಿಂತ ಜೋರಾಗಿ ಓಡಿಸುತ್ತವೆ. ಮಾದರಿಗೆ ತಕ್ಕಂತೆ ಅನುಪಾತ 0.76ರಿಂದ 0.82ರ ತನಕ ಇದೆ.

ಕೊಳ್ಳುವಾಗ ಮೊದಲು ಆ ಘಟಕ ಬಂದ ಗೇರ್‌ಬಾಕ್ಸ್ ಕೂಡ ಸಿಗುತ್ತದೆಯೇ ಕೇಳಿ. ಓವರ್‌ಡ್ರೈವ್‌ಗೆ ಹೋಗುವ ಶಾಫ್ಟ್ ಬೇರೆಯೇ ಇರುವುದರಿಂದ ಬರೀ ಘಟಕ ತಂದರೆ ಶೋಕೇಸಿನಲ್ಲಿ ಇಡಬೇಕಾಗುತ್ತದೆ. ಇದಲ್ಲದೆ ಪ್ರೊಪೆಲ್ಲರ್ ಶಾಫ್ಟ್ ನಡುವೆ ಪ್ರತ್ಯೇಕವಾಗಿ ಕೂರುವ ಓವರ್‌ಡ್ರೈವ್‌ಗಳೂ ವಿದೇಶದಲ್ಲಿ ಸಿಗುತ್ತವೆ. ಅವುಗಳಲ್ಲಿ ಗೇರ್‌ಬಾಕ್ಸ್ ಬಿಚ್ಚುವ ಕೆಲಸ ಕಡಿಮೆ, ಆದರೆ ಕಸ್ಟಮ್ಸ್ ಕಟ್ಟಿ ಕೈಗೆ ಬರುವಷ್ಟರಲ್ಲಿ ಬೆಲೆ ಕೇಳಿದರೆ ಮನೆಯವರು ಸುಮ್ಮನಿರುವುದಿಲ್ಲ. ಈ ಪ್ರತ್ಯೇಕ ಘಟಕಗಳಲ್ಲೂ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಯಾಕೆಂದರೆ ಕೇಬಲ್ ಹೊರಡುವುದು ಓವರ್‌ಡ್ರೈವ್‌ಗಿಂತ ಮುಂಚೆ.

ಯಾವುದನ್ನೇ ಹಾಕಿದರೂ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಬೇಕು. ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದ ಕಡೆ ಒಳ್ಳೆಯ ಲೇತ್‌ನವರು ಬೇಕಾದಷ್ಟಿದ್ದಾರೆ. ಕತ್ತರಿಸಿ ವೆಲ್ಡ್ ಮಾಡಿದ ಮೇಲೆ ಬ್ಯಾಲೆನ್ಸ್ ಮಾಡಿಸಿಯೇ ತನ್ನಿ. ಎರಡು ತುದಿಯ ಜಾಯಿಂಟ್ ಕ್ರಾಸ್‌ಗಳ ಯೋಕ್ ಒಂದೇ ನೇರಕ್ಕಿರಬೇಕು. ತಪ್ಪಿದರೆ 70 ದಾಟಿದ ಕೂಡಲೇ ಸೀಟಿನ ಕೆಳಗೆ ನಡುಕ ಶುರುವಾಗುತ್ತದೆ.

ವೈರಿಂಗ್‌ನಲ್ಲಿ ಎರಡು ವಿಷಯ ಬಿಡಬಾರದು. ಹಳೇ ಮಾದರಿಯ ಸೊಲೆನಾಯ್ಡ್ ಎಳೆಯುವ ಗಳಿಗೆಯಲ್ಲಿ ಭಾರಿ ಕರೆಂಟ್ ಕುಡಿಯುತ್ತದೆ, ಆದ್ದರಿಂದ ರಿಲೇ ಮತ್ತು ಫ್ಯೂಸ್ ಇಲ್ಲದೆ ಡ್ಯಾಶ್‌ಬೋರ್ಡ್ ಸ್ವಿಚ್‌ಗೆ ನೇರ ಕೊಡಬೇಡಿ. ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕೊಟ್ಟಿರುವ) ಗಾಡಿಯಾದರೆ ಡಯೋಡ್ ಇರುವ ರಿಲೇ ತಿರುಗಾ ಮುರುಗಾ ಆಗದ ಹಾಗೆ ನೋಡಿ. ಎರಡನೆಯದು ಗೇರ್‌ಬಾಕ್ಸ್ ಮೇಲಿನ ತಡೆ ಸ್ವಿಚ್. ಟಾಪ್‌ನಲ್ಲಿ, ಹೆಚ್ಚೆಂದರೆ ಥರ್ಡ್‌ನಲ್ಲಿ ಮಾತ್ರ ಓವರ್‌ಡ್ರೈವ್ ಬೀಳುವಂತೆ ಅದು ಕಾಯುತ್ತದೆ. ಅದನ್ನು ತಪ್ಪಿಸಿ ವೈರ್ ಕೊಟ್ಟು, ಓವರ್‌ಡ್ರೈವ್ ಬಿದ್ದಿರುವಾಗ ರಿವರ್ಸ್ ಹಾಕಿದರೆ ಒಳಗಿನ ಒಂದೇ ದಿಕ್ಕಿನ ರೋಲರ್ ಕ್ಲಚ್ ಅಲ್ಲೇ ಪುಡಿ.

ಎಣ್ಣೆ ಗೇರ್‌ಬಾಕ್ಸ್‌ಗೂ ಓವರ್‌ಡ್ರೈವ್‌ಗೂ ಒಂದೇ. ಕಂಪನಿ ಹೇಳಿದ ದರ್ಜೆಯ ಸಾದಾ ಎಣ್ಣೆ ಹಾಕಿ. ಸವೆತ ತಡೆಯುತ್ತದೆ ಎಂದು ಮಾರುವ ಜಾರಿಕೆಯ ಪುಡಿ, ದ್ರವ ಯಾವುದನ್ನೂ ಸುರಿಯಬೇಡಿ, ಕೋನ್ ಕಚ್ಚುವುದೇ ನಿಂತುಹೋಗುತ್ತದೆ. ಜಿಎಲ್-5 ಎಣ್ಣೆ ಹಿಂದಿನ ಆಕ್ಸಲ್‌ಗೆ ಸರಿ. ಗೇರ್‌ಬಾಕ್ಸ್‌ನ ಹಿತ್ತಾಳೆ ಬಣ್ಣದ, ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊ ಉಂಗುರಗಳಿಗೆ ಅದು ಆಗಿಬರುವುದಿಲ್ಲ.

ಸ್ಟೂಡಿಬೇಕರ್‌ನಂಥ ಅಮೆರಿಕನ್ ಕಾರಿರುವವರಿಗೆ ಒಂದು ಎಚ್ಚರಿಕೆ. ಅವುಗಳ ಬೋರ್ಗ್-ವಾರ್ನರ್ ಓವರ್‌ಡ್ರೈವ್ ಹಿಡಿಕೆ ಒಳಗಿದ್ದರೆ ನಿಧಾನ ವೇಗದಲ್ಲಿ ಗಾಡಿ ಫ್ರೀವೀಲ್ ಆಗುತ್ತದೆ. ಕಾಲು ತೆಗೆದರೆ ಎಂಜಿನ್ ಬ್ರೇಕಿಂಗ್ ಸಿಗುವುದಿಲ್ಲ. ಬೆಟ್ಟ ಇಳಿಯುವ ಮುಂಚೆ ಹಿಡಿಕೆ ಹೊರಗೆಳೆದು ಲಾಕ್ ಮಾಡಲೇಬೇಕು.

ಐದು ಗೇರಿನ ಪೆಟ್ಟಿಗೆ

ಅಂಬಾಸಿಡರ್‌ನವರ ಕಣ್ಣು ಇಸುಜು ಎಂಜಿನ್‌ನ 1800 ಐಎಸ್‌ಜೆಡ್ ಮಾದರಿಯ ಐದು ಗೇರಿನ ಮೇಲೆ. ಹಳೇ 1489ರ ಬೆಲ್ ಹೌಸಿಂಗ್‌ಗೆ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಕವಚ) ಅದು ನೇರ ಕೂರದು. ಅಡಾಪ್ಟರ್ ಪ್ಲೇಟ್, ಹೊಸ ಕ್ರಾಸ್ ಮೆಂಬರ್, ಸ್ಟಿಯರಿಂಗ್ ಕಂಬದ ಮೇಲಿನ ಕಾಲಂ ಗೇರ್ ತೆಗೆದು ನೆಲದಲ್ಲಿ ಗೇರ್‌ಗೆ ತೂತು. ತೂತು ಕೊರೆಯುವ ಮುಂಚೆ ಕಾನೂನು ಓದಿಕೊಳ್ಳಿ.

2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ವಿಂಟೇಜ್ ಅನ್ನಿಸಿಕೊಳ್ಳಬೇಕಾದರೆ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥವಕ್ಕೆ ಮಾತ್ರ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲೂ ಬದಲಾಗಬೇಕು, ಆರ್‌ಟಿಒ ಅನುಮತಿ ಮೊದಲು. ಹಾಗಾಗಿ ಬೋಲ್ಟ್ ಬಿಚ್ಚಿದರೆ ಹಳೆಯದು ವಾಪಸು ಕೂರುವಂಥ ಕೆಲಸವನ್ನೇ ಆರಿಸಿಕೊಳ್ಳಿ. ತೆಗೆದ ಸಾಮಾನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಚೀಟಿ ಅಂಟಿಸಿ, ಅಟ್ಟಕ್ಕೆ ಹಾಕಿ. ಗುಜರಿಗೆ ಕೊಡಬೇಡಿ.

ಮೊದಲ ಓಟ

ದಶಪಥ ಹತ್ತುವ ಮುಂಚೆ ಬ್ರೇಕ್. ನಾಲ್ಕೂ ಡ್ರಮ್ ಇರುವ ಗಾಡಿ ಆರಾಮಾಗಿ 80 ಓಡತೊಡಗಿದರೆ ಚಾಲಕನಿಗೆ ವೇಗದ ಅರಿವೇ ಹೋಗಿಬಿಡುತ್ತದೆ. ನಿಲ್ಲಿಸುವ ದೂರ ಮಾತ್ರ ಹಾಗೇ ಇರುತ್ತದೆ. ಲೈನಿಂಗ್, ವೀಲ್ ಸಿಲಿಂಡರ್, ಹೋಸ್ ಎಲ್ಲ ಹೊಸದಾಗಲಿ.

ಹೊಸ ಕ್ರೌನ್-ಪಿನಿಯನ್ ಆಗಿದ್ದರೆ ರಿಂಗ್ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಕಿ.ಮೀ. ಮೆಲ್ಲಗೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಓವರ್‌ಡ್ರೈವ್ ಆದರೆ 65ರ ಹತ್ತಿರ ಸ್ವಿಚ್ ಹಾಕಿ. ಕ್ಲಚ್ ಒತ್ತಬೇಕಿಲ್ಲ, ಆಕ್ಸಲರೇಟರ್ ಮೇಲೆ ಕಾಲು ಹಗುರವಾಗಿ ಇದ್ದರೆ ಸಾಕು, ಎಂಜಿನ್ ದನಿ ಒಮ್ಮೆಲೇ ಇಳಿಯುತ್ತದೆ. ಬಿಡಿಸುವಾಗ ಸ್ವಲ್ಪ ಆಕ್ಸಲರೇಟರ್ ಕೊಟ್ಟುಕೊಂಡೇ ಬಿಡಿಸಿ. ಸ್ವಿಚ್ ಹಾಕಿ ಎರಡು ಮೂರು ಸೆಕೆಂಡ್ ಆದರೂ ಬೀಳದಿದ್ದರೆ ಎಣ್ಣೆ ಮಟ್ಟ, ಸೊಲೆನಾಯ್ಡ್ ವೈರ್, ಫಿಲ್ಟರ್, ಈ ಕ್ರಮದಲ್ಲೇ ನೋಡಿ. ಪೂರ್ತಿ ಬಿಚ್ಚುವ ಮಾತು ಆಮೇಲೆ.

ಏರಿನಲ್ಲಿ ವೇಗ 60ಕ್ಕೆ ಬಿದ್ದರೆ ಓವರ್‌ಡ್ರೈವ್ ತೆಗೆಯಿರಿ. ಪೂರ್ತಿ ಆಕ್ಸಲರೇಟರ್ ಒತ್ತಿ 1800 ಆರ್‌ಪಿಎಂನಲ್ಲಿ ಎಳೆಸುವುದು ಬೇರಿಂಗ್‌ಗೆ 3500ರಲ್ಲಿ ಓಡಿಸುವುದಕ್ಕಿಂತ ಕೆಟ್ಟದ್ದು. ಟಣಟಣ ಎಂಬ ನಾಕಿಂಗ್ ಕೇಳಿದರೆ ಆಗಲೇ ತಡವಾಗಿದೆ.

ಶ್ರೀರಂಗಪಟ್ಟಣ ದಾಟಿ ಮಂಡ್ಯ ಬೈಪಾಸ್ ತನಕ ಹೋಗಿ ಇಳಿದು, ಡಿಫ್ರೆನ್ಷಿಯಲ್ ಹೌಸಿಂಗ್, ಗೇರ್‌ಬಾಕ್ಸ್, ನಾಲ್ಕೂ ಹಬ್‌ಗಳ ಹತ್ತಿರ ಕೈ ಒಯ್ದು ನೋಡಿ. ಹೌಸಿಂಗ್ ಬಿಸಿಯಿರುವುದು ಸಹಜ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿ ಹೆಚ್ಚಾಗಿದೆ. ಕಾಲು ಕೊಟ್ಟಾಗ ಮಾತ್ರ ಊಳಿಡುವುದೋ, ಕಾಲು ತೆಗೆದಾಗ ಮಾತ್ರವೋ ಎಂದು ಗಮನಿಸಿ ಬರೆದಿಟ್ಟುಕೊಳ್ಳಿ, ಮೇಸ್ತ್ರಿಗೆ ಶಿಮ್ ಯಾವ ಕಡೆ ಸರಿಸಬೇಕೆಂದು ತಿಳಿಯುವುದು ಅದರಿಂದಲೇ. ಸುಮಾರು 800 ಕಿ.ಮೀ. ಆದ ಮೇಲೆ ಆಕ್ಸಲ್ ಎಣ್ಣೆಯನ್ನು ಬಿಸಿಯಿರುವಾಗಲೇ ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ. ಬೂದಿಯಂಥ ನುಣ್ಣನೆಯ ಲೋಹದ ಪುಡಿ ಇದ್ದರೆ ಹೊಸ ಎಣ್ಣೆ ತುಂಬಿ ಮುಂದುವರಿಯಿರಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗಾಡಿ ನಿಲ್ಲಿಸಿ, ಹೌಸಿಂಗ್ ಬಿಚ್ಚಿಸಿ.